ಮೇಣದ ಕೊಳವೆಯಲ್ಲಿದ್ದ ದನಿ

ಗೌರಿಬಿದನೂರು ಸ್ಟೇಷನ್

ಅಮೆರಿಕಕ್ಕೆ ಹೋಗಿ ಬಂದವನು ಎಂದು ಗೊತ್ತಾದ ಕೂಡಲೇ ಜನ ನನ್ನನ್ನು ಮುಗಿಲೆತ್ತರದ ಕಟ್ಟಡಗಳ ಬಗ್ಗೆ ಕೇಳುತ್ತಾರೆ. ಅವರಿಗೆ ನಿರಾಸೆ ಮಾಡಬೇಕಾಗುತ್ತದೆ. ಆ ದೇಶದಲ್ಲಿ ನಾನು ಹೆಚ್ಚು ಕಾಲ ಕಳೆದದ್ದು ನೆಲದ ಕೆಳಗೆ, ಒಂದು ಗ್ರಂಥಾಲಯದ ನೆಲಮಾಳಿಗೆಯಲ್ಲಿ. ಅಲ್ಲಿ ನಡೆದ ಒಂದು ಸಂಗತಿಯನ್ನಷ್ಟೇ ಇಲ್ಲಿ ಹೇಳಬೇಕೆಂದಿದ್ದೇನೆ. ಮಿಕ್ಕಿದ್ದನ್ನು ಬೇರೆಯವರು ನನಗಿಂತ ಚೆನ್ನಾಗಿ ಬರೆದಿದ್ದಾರೆ.

ನಾನು ಅಲೀಪುರದವನು. ಮನೆಯಲ್ಲಿ ಉರ್ದು, ಗೌರಿಬಿದನೂರಿನ ಸ್ಕೂಲಿನಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಮೂರು ಭಾಷೆ ಬರುವುದು ನಮ್ಮ ಕಡೆ ದೊಡ್ಡ ವಿಷಯವೇನಲ್ಲ. ಎಮ್ಮೆ ವ್ಯಾಪಾರದವನಿಗೂ ಬರುತ್ತವೆ. ಆದರೆ ನನ್ನನ್ನು ವಿಮಾನ ಹತ್ತಿಸಿದ್ದು ಅದೇ. ಅಮೆರಿಕದ ಪಶ್ಚಿಮ ತೀರದ ಒಂದು ವಿಶ್ವವಿದ್ಯಾಲಯಕ್ಕೆ ನಮ್ಮ ದೇಶದ ಪುಸ್ತಕಗಳು ಪೆಟ್ಟಿಗೆಗಟ್ಟಲೆ ಹೋಗಿ ಬಿದ್ದಿದ್ದವು. ಅವನ್ನು ಓದಿ ವಿಂಗಡಿಸುವವರು ಅಲ್ಲಿ ಇರಲಿಲ್ಲ. ನಾನು ಬೆಂಗಳೂರಿನ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸಕ್ಕಿದ್ದೆ. ಒಂದು ವರ್ಷದ ಮಟ್ಟಿಗೆ ಬಾ ಎಂದು ಕರೆ ಬಂತು. ಅರವತ್ತರ ದಶಕ ಅರ್ಧ ಕಳೆದಿತ್ತು ಆಗ.

ಅಮ್ಮೀ ಸ್ಟೇಷನ್ನಿಗೆ ಬಂದಿದ್ದರು. ಅವರ ಚಿಂತೆ ವಿಮಾನದ್ದಲ್ಲ, ಮೊಹರಂನದು. ನಮ್ಮೂರು ಶಿಯಾ ಮುಸಲ್ಮಾನರ ಊರು. ಕರ್ಬಲಾದಲ್ಲಿ ಮಡಿದವರಿಗಾಗಿ ಆ ತಿಂಗಳಲ್ಲಿ ಊರಿಗೆ ಊರೇ ಕೂತು ಅಳುತ್ತದೆ. ಆ ದಿನಗಳಲ್ಲಿ ನೀನು ಯಾರ ಜೊತೆ ಕೂತು ಅಳುತ್ತೀಯ ಎಂದು ಅಮ್ಮೀ ಕೇಳಿದರು. ಅಷ್ಟರಲ್ಲಿ ರೈಲು ಬಂತು.

ತೊಂಡೇಬಾವಿಯಲ್ಲಿ ಸ್ಕೂಲಿನ ಗೆಳೆಯ ನಾರಾಯಣಪ್ಪ ಹತ್ತಿಕೊಂಡ. ಬೆಂಗಳೂರಿನಲ್ಲಿ ಏನೋ ಕೆಲಸವಿದೆ ಎಂದ. ಕೆಲಸವೇನೂ ಇರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ದಾರಿಯುದ್ದಕ್ಕೂ ಕಿಟಕಿಯ ಹೊರಗಿನ ಹೊಲಗಳನ್ನೇ ನೋಡುತ್ತ ಕೂತಿದ್ದ. ಇಳಿಯುವಾಗ ಮಾತ್ರ, "ಅಲ್ಲಿ ಹೋಗಿ ಇಂಗ್ಲೀಷಲ್ಲೇ ಕನಸು ಕಾಣೋಕೆ ಶುರು ಮಾಡಬೇಡ ಕಣೋ ಅಬ್ಬಾಸು" ಅಂದ.

ಜಿನುಗುವ ಊರು

ನಾನು ಇಳಿದಾಗ ಆ ಊರಿನಲ್ಲಿ ಮಳೆ ಬರುತ್ತಿತ್ತು. ಅಲ್ಲಿ ಅದು ಹೆಚ್ಚುಕಮ್ಮಿ ಯಾವಾಗಲೂ ಬರುತ್ತಿರುತ್ತದೆಂದು ಆಮೇಲೆ ತಿಳಿಯಿತು. ನಮ್ಮ ಕಡೆಯ ಹಾಗೆ ಗುಡುಗಿ, ಸುರಿದು, ಕೆರೆಗೆ ನಾಲ್ಕು ಹನಿ ಹಾಕಿ ಹೋಗುವ ಮಳೆಯಲ್ಲ. ಜರಡಿ ಹಿಡಿದ ಹಾಗೆ ಸಣ್ಣಗೆ ಇಳಿಯುತ್ತಲೇ ಇರುತ್ತದೆ. ಇಂಥ ಹವೆಯಲ್ಲಿ ಬಂದಿರಿ, ಕ್ಷಮಿಸಿ ಎಂದರು ನನ್ನನ್ನು ಎದುರುಗೊಂಡವರು. ಮಳೆಗಾಗಿ ಕ್ಷಮೆ ಕೇಳುವವರನ್ನು ಗೌರಿಬಿದನೂರು ಸೀಮೆಯವನು ಅದೇ ಮೊದಲು ಕಂಡದ್ದು.

ಮೊದಲ ವಾರದಲ್ಲೇ ಒಂದು ಫಜೀತಿಯಾಯಿತು. ಮಧ್ಯಾಹ್ನ ಎದುರಾದವರನ್ನೆಲ್ಲ ನಾನು ಅಭ್ಯಾಸಬಲದಿಂದ "ಊಟ ಆಯ್ತಾ" ಎಂದು ಇಂಗ್ಲೀಷಿನಲ್ಲಿ ಕೇಳುತ್ತಿದ್ದೆ. ಪಕ್ಕದ ಮೇಜಿನ ಹೆಂಗಸು ಇಲ್ಲವೆಂದಳು, ಎದ್ದು ಕೋಟು ತೊಟ್ಟು, ಕೈಚೀಲ ಹಿಡಿದು ನನ್ನೆದುರು ನಿಂತಳು. ನಾನು ಊಟಕ್ಕೆ ಕರೆದೆನೆಂದು ಅವಳ ಭಾವನೆ. ನನ್ನ ಊಟ ಮುಗಿದಿತ್ತು. ಆದರೂ ಹೋಗಿ ಇನ್ನೊಂದು ಸಲ ಉಂಡು ಬಂದೆ. ಆಮೇಲೆ ಆ ಪ್ರಶ್ನೆಯನ್ನು ಬಿಟ್ಟುಬಿಟ್ಟೆ. ಅದನ್ನು ಬಿಟ್ಟ ಮೇಲೆ ಜನರನ್ನು ಏನೆಂದು ಮಾತಾಡಿಸುವುದೆಂದು ತಿಳಿಯದೆ ಬಹಳ ದಿನ ಸುಮ್ಮನೆ ತಲೆಯಾಡಿಸಿಕೊಂಡು ಓಡಾಡಿದೆ.

ನೆಲಮಾಳಿಗೆ

ನನ್ನ ಪುಸ್ತಕದ ಪೆಟ್ಟಿಗೆಗಳಿದ್ದ ನೆಲಮಾಳಿಗೆಯ ಇನ್ನೊಂದು ತುದಿಯಲ್ಲಿ ಬೀಗ ಹಾಕಿದ ಕೋಣೆಯೊಂದಿತ್ತು. ಆ ದೇಶದ ಮೂಲನಿವಾಸಿಗಳ ಭಾಷೆ, ಕಥೆ, ಹಾಡುಗಳಿಗೆ ಸಂಬಂಧಪಟ್ಟದ್ದನ್ನೆಲ್ಲ ಅಲ್ಲಿ ಜೋಪಾನ ಮಾಡಿಟ್ಟಿದ್ದರು. ಎಲ್ಲೆಲ್ಲಿಂದಲೋ ವಿದ್ವಾಂಸರು ಬಂದು ಓದಿ ಹೋಗುತ್ತಿದ್ದರು. ಕೋಣೆಯ ಹೊಣೆ ಹೊತ್ತವರು ಮಿಸ್ ಕಾರ್ವರ್. ಕೂದಲು ನರೆತ, ಕಡಿಮೆ ಮಾತಿನ ಹೆಂಗಸು. ಮದುವೆಯಾಗಿರಲಿಲ್ಲ. ವಯಸ್ಸೆಲ್ಲ ಆ ಕೋಣೆಯಲ್ಲೇ ಕಳೆದಿತ್ತು. ನನ್ನ ಕೆಲಸ ಬೇಗ ಮುಗಿದ ದಿನ ಕೈನೆರವಿಗೆ ನನ್ನನ್ನು ಕರೆಯುತ್ತಿದ್ದರು.

ಆ ಕೋಣೆಯ ಕಪಾಟುಗಳಲ್ಲಿ ಮೇಣದ ಕೊಳವೆಗಳಿದ್ದವು. ಗ್ರಾಮಫೋನ್ ಪ್ಲೇಟು ಬರುವುದಕ್ಕೆ ಮುಂಚೆ ದನಿ ಹಿಡಿಯುತ್ತಿದ್ದದ್ದು ಇವುಗಳ ಮೇಲೆ. ನಮ್ಮ ರಾಗಿ ಅಳೆಯುವ ಪಾವಿನಷ್ಟು ಗಾತ್ರ, ಹಳೆ ಬೆಲ್ಲದ ಬಣ್ಣ. ಯಂತ್ರಕ್ಕೆ ತೊಡಿಸಿ ತಿರುಗಿಸಿದರೆ ಸೂಜಿ ಗೆರೆಗಳ ಮೇಲೆ ಓಡಿ ಕೊಂಬಿನೊಳಗಿಂದ ದನಿ ಬರುತ್ತದೆ. ಪ್ರತಿ ಸಲವೂ ಸೂಜಿ ಒಂದಿಷ್ಟು ಮೇಣವನ್ನು ಕೆರೆದು ಹಾಕುತ್ತದೆ. ಕೇಳಿದಷ್ಟೂ ದನಿ ಸವೆಯುತ್ತದೆ ಎಂದು ಅರ್ಥ. ಅದಕ್ಕೇ ಮಿಸ್ ಕಾರ್ವರ್ ಯಾರಿಗೂ ಅವನ್ನು ಹಾಕಿ ಕೇಳಿಸುತ್ತಿರಲಿಲ್ಲ. ಮೇಣಕ್ಕೆ ನೋವಾಗದ ಹಾಗೆ ನುಡಿಸುವ ಹೊಸ ಯಂತ್ರವೊಂದು ಬರುತ್ತದೆ ಎಂದು ಅವರಿಗೆ ಯಾರೋ ಮಾತು ಕೊಟ್ಟಿದ್ದರು. ವರ್ಷಗಳಿಂದ ಅದರ ದಾರಿ ನೋಡುತ್ತಿದ್ದರು.

ಆ ಕಪಾಟಿನ ಭಾಷೆಗಳನ್ನು ನೋಡುತ್ತ ನಾನು ನಮ್ಮ ಕಡೆಯನ್ನು ನೆನೆದೆ. ಚಿಂತಾಮಣಿ, ಶಿಡ್ಲಘಟ್ಟದ ಸಂತೆಗಳಲ್ಲಿ ಬುಟ್ಟಿ ಹೆಣೆಯುವವರು, ಕಣಿ ಹೇಳುವವರು ತಮ್ಮತಮ್ಮಲ್ಲಿ ಬೇರೆಯೇ ಮಾತಾಡಿಕೊಳ್ಳುತ್ತಾರೆ. ನಾವು ಬುಟ್ಟಿ ಕೊಂಡಿದ್ದೇವೆ, ಕೈಯೊಡ್ಡಿ ಕಣಿ ಕೇಳಿದ್ದೇವೆ. ಅದು ಯಾವ ಮಾತು ಎಂದು ನಾನಂತೂ ಒಂದು ದಿನವೂ ಕೇಳಿರಲಿಲ್ಲ.

ಆಗ್ನೆಸ್ ಬಂದದ್ದು

ಆಗ್ನೆಸ್ ಎಂಬ ಮುದುಕಿ ಆ ಕೋಣೆಗೆ ಬಂದದ್ದು ಚಳಿಗಾಲ ಇಳಿಯುತ್ತಿದ್ದಾಗ. ತಲೆಗೆ ವಸ್ತ್ರ ಕಟ್ಟಿದ್ದರು, ಕೈಯಲ್ಲಿ ಊರುಗೋಲು. ಜೊತೆಗೆ ತಂಗಿಯ ಮೊಮ್ಮಗಳು ರೂತ್, ಪಟ್ಟಣದಲ್ಲಿ ಟೈಪಿಸ್ಟ್ ಆಗಿದ್ದ ಹುಡುಗಿ. ಒಳನಾಡಿನ ಒಂದು ದೊಡ್ಡ ನದಿಯ ದಂಡೆಯ ಜನ ಅವರು. ತಮ್ಮ ಜನದ ಹೆಸರು ಬರೆಯಬೇಡ ಎಂದು ಆಗ್ನೆಸ್ ಆಮೇಲೆ ನನಗೆ ಹೇಳಿದ್ದರಿಂದ ಬರೆಯುತ್ತಿಲ್ಲ.

ಕೂರಿ ಎನ್ನುವವರೆಗೂ ಅವರು ಕೂರಲಿಲ್ಲ. ಕೂತ ಮೇಲೆ, ತಮ್ಮ ತಾಯಿಯ ದನಿ ಇಲ್ಲಿದೆಯೆಂದು ಕೇಳಿ ಬಂದಿದ್ದೇನೆ ಎಂದರು. ಅವರ ಭಾಷೆ ಕಲಿಯಲು ಹೋಗಿದ್ದ ವಿದ್ಯಾರ್ಥಿಯೊಬ್ಬ ಹೇಳಿದ್ದನಂತೆ. ಮಿಸ್ ಕಾರ್ವರ್ ಕಪಾಟು ತೆರೆದು ನೋಡಿದರು. ಇತ್ತು.

ಆಗ್ನೆಸ್ ನಿಧಾನವಾಗಿ ವಿಷಯ ಹೇಳಿದರು. ಚಿಕ್ಕಂದಿನಲ್ಲಿ ಅವರನ್ನೂ ಅವರ ಅಕ್ಕ, ತಂಗಿಯನ್ನೂ ಸರ್ಕಾರದವರು ದೂರದ ವಸತಿಶಾಲೆಗೆ ಸೇರಿಸಿದರು. ಅಲ್ಲಿ ತಾಯಿನುಡಿ ಆಡಿದರೆ ಬಾಯಿಗೆ ಸೋಪು ಹಾಕಿ ತೊಳೆಯುತ್ತಿದ್ದರು. ದೊಡ್ಡವರಾಗಿ ಊರಿಗೆ ಬರುವಷ್ಟರಲ್ಲಿ ತಾಯಿ ತೀರಿಹೋಗಿದ್ದರು. ಚಿಕ್ಕಮ್ಮಂದಿರ ಬಾಯಿಂದ ಕೇಳಿ ಭಾಷೆಯನ್ನು ಮತ್ತೆ ಕಲಿತರು. ಆದರೆ ಒಂದು ಹಾಡು ಮಾತ್ರ ಪೂರ್ತಿ ಸಿಗಲಿಲ್ಲ. ಅವರ ಮನೆತನದಲ್ಲಿ ಯಾರಾದರೂ ಸತ್ತರೆ, ವರ್ಷ ತುಂಬಿದಾಗ ಮನೆಯ ಹೆಂಗಸರು ಹಾಡಿ ಕಳಿಸಿಕೊಡುವ ಹಾಡು ಅದು. ಅಕ್ಕನಿಗೆ ಮೊದಲು, ಕೊನೆ ನೆನಪಿತ್ತು. ನಡುವಿನದು ಯಾರಿಗೂ ಬರುತ್ತಿರಲಿಲ್ಲ. ಈಗ ಆ ಅಕ್ಕನೇ ತೀರಿಹೋಗಿದ್ದರು. ವಸಂತ ಬಂದರೆ ವರ್ಷ ತುಂಬುತ್ತಿತ್ತು.

ಹಿಂದೆ ಒಬ್ಬ ವಿದ್ವಾಂಸ ಯಂತ್ರ ಹೊತ್ತು ಅವರ ಊರಿಗೆ ಹೋಗಿದ್ದಾಗ, ಹೊರಗಿನವರ ಮುಂದೆ ಹಾಡಬಾರದ ಆ ಹಾಡನ್ನು ತಾಯಿ ಅದರ ಕೊಂಬಿನೊಳಗೆ ಹಾಡಿದ್ದರು. ಯಾಕೆ ಹಾಡಿದರು ಎಂದು ಮಿಸ್ ಕಾರ್ವರ್ ಕೇಳಿದರು.

"ಆಗ ನಾವ್ಯಾರೂ ಮನೇಲಿರಲಿಲ್ಲ" ಎಂದರು ಆಗ್ನೆಸ್. "ಕಲಿಸೋಣ ಅಂದ್ರೆ ಎದುರಿಗೆ ಒಂದು ಹೆಣ್ಣುಮಗು ಇಲ್ಲ. ಅದಕ್ಕೇ ಯಂತ್ರಕ್ಕೆ ಹಾಡಿರಬೇಕು."

ಮಿಸ್ ಕಾರ್ವರ್ ಕೊಳವೆಯನ್ನು ಹತ್ತಿಯ ಮೇಲಿಟ್ಟು ತಂದು ತೋರಿಸಿದರು. ಅಂಚಿನಿಂದ ಕೂದಲೆಳೆಯ ಬಿರುಕೊಂದು ಒಳಗೆ ಓಡಿತ್ತು. ನುಡಿಸಿದರೆ ಒಡೆದು ಹೋಗಬಹುದು ಎಂದು ಅವರು ಬಿಡಿಸಿ ಹೇಳಿದರು. ಒರಟಾಗಿ ಹೇಳಲಿಲ್ಲ. ಹೊಸ ಯಂತ್ರ ಬರಲಿ, ಅಲ್ಲಿಯವರೆಗೆ ಕಾಯೋಣ, ಇವತ್ತು ಒಡೆದರೆ ನಿಮ್ಮ ಮೊಮ್ಮಕ್ಕಳಿಗೆ ಏನೂ ಉಳಿಯುವುದಿಲ್ಲ ಎಂದರು.

"ನಾನು ಸತ್ತ ಮೇಲೆ ನುಡಿಸಿದ್ರೆ, ಅದು ಏನು ಹೇಳ್ತಿದೆ ಅಂತ ಮೊಮ್ಮಕ್ಕಳಿಗೆ ಯಾರು ಹೇಳ್ತಾರೆ?" ಎಂದು ಕೇಳಿದರು ಆಗ್ನೆಸ್.

ರೂತ್ ನೆಲ ನೋಡುತ್ತಿದ್ದಳು. ಅವಳಿಗೆ ತಮ್ಮ ಭಾಷೆಯಲ್ಲಿ ನೀರು, ಬಾ, ಸುಮ್ಮನಿರು, ಇಂಥ ಕೆಲವು ಮಾತು ಬಿಟ್ಟರೆ ಏನೂ ಬರುತ್ತಿರಲಿಲ್ಲವೆಂದು ಅವಳೇ ಆಮೇಲೆ ಹೇಳಿದಳು.

ಕೊನೆಗೆ ಮಿಸ್ ಕಾರ್ವರ್ ಅರೆಮನಸ್ಸಿನಿಂದ ಒಂದು ದಾರಿ ಸೂಚಿಸಿದರು. ಒಂದೇ ಒಂದು ಸಲ ನುಡಿಸೋಣ, ಆಗಲೇ ಅದನ್ನು ಟೇಪಿಗೆ ಹಿಡಿದುಕೊಳ್ಳೋಣ, ಆ ಟೇಪು ಗ್ರಂಥಾಲಯದಲ್ಲಿದ್ದರೆ ಯಾರು ಬೇಕಾದರೂ ಕೇಳಿ ಅಭ್ಯಾಸ ಮಾಡಬಹುದು. ಆಗ್ನೆಸ್ ಬೇಡವೆಂದು ತಲೆಯಾಡಿಸಿದರು. ಹೆಂಗಸರ ಹಾಡು ಅದು. ಗಂಡಸರ ಕಿವಿಗೆ ಬೀಳಬಾರದು, ಸಾವಿನ ವರ್ಷ ತುಂಬದೆ ಬಾಯಿಗೆ ಬರಬಾರದು, ಯಾರು ಬೇಕಾದರೂ ಕೇಳುವುದಾದರೆ ಹಾಗೇ ಮುಚ್ಚಿಟ್ಟಿರಿ ಎಂದು ಊರುಗೋಲು ಹಿಡಿದು ಎದ್ದುಬಿಟ್ಟರು.

ಕೊಡೆ ಹಿಡಿದು ಅವರನ್ನು ಕಾರಿನವರೆಗೆ ಬಿಡಲು ನಾನು ಹೋದೆ. ಸುಮ್ಮನೆ ನಡೆಯಲಾಗದೆ ನಮ್ಮ ನಾನಿಯ ವಿಷಯ ಹೇಳಿದೆ. ನಾನಿ ಎಂದರೆ ನನ್ನ ತಾಯಿಯ ತಾಯಿ. ಮೊಹರಂನಲ್ಲಿ ಹೆಂಗಸರದೇ ಬೇರೆ ಸಭೆ ಸೇರುತ್ತದೆ. ನಾನಿ ನಡುವೆ ಕೂತು ನೌಹಾ, ಅಂದರೆ ಅಳುವಿನ ಹಾಡು, ಹೇಳುತ್ತಿದ್ದರು. ಸಣ್ಣವನಿದ್ದಾಗ ನಾನೂ ಅವರ ಪಕ್ಕ ಕೂತಿರುತ್ತಿದ್ದೆ. ಒಂದು ವರ್ಷ, ನೀನೀಗ ದೊಡ್ಡವನಾದೆ, ಹೊರಗೆ ಹೋಗಪ್ಪ ಎಂದರು. ಹೊರಗೆ ಹೋಗಿ ಗೋಡೆಗೆ ಒರಗಿ ಕೂತು, ಒಳಗಿನ ಅಳು ಮಾತ್ರ ಕೇಳಿಸಿ ಮಾತು ಕೇಳಿಸದೆ ಅತ್ತಿದ್ದೆ. ಆ ನೌಹಾಗಳನ್ನು ನಮ್ಮ ಮನೆಯಲ್ಲಿ ಯಾರೂ ಬರೆದಿಟ್ಟಿಲ್ಲ. ಹೆಣ್ಣುಮಕ್ಕಳು ಪ್ರತಿ ವರ್ಷ ಕೇಳಿ ಕಲಿತರು, ಅಷ್ಟೇ.

ಆಗ್ನೆಸ್ ಮಳೆಯಲ್ಲೇ ನಿಂತು ನನ್ನ ಮುಖ ನೋಡಿದರು. "ನಿಮ್ಮಲ್ಲೂ ಹೊರಗೆ ಕಳಿಸ್ತಾರಾ?" ಎಂದು ಕೇಳಿದರು.

"ಕಳಿಸ್ತಾರೆ" ಎಂದೆ.

ಹೊರಬಾಗಿಲು

ಮಾರನೆಯ ದಿನ ನಾನು ಮಿಸ್ ಕಾರ್ವರ್ ಹತ್ತಿರ ಹೋಗಿ ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. ಟೇಪು ಮಾಡೋಣ, ಆದರೆ ಮುಚ್ಚಿ ಮೊಹರು ಹಾಕೋಣ. ಆ ಮನೆಯ ಹೆಂಗಸರು ಬಂದು ಕೇಳಿದರೆ ಮಾತ್ರ ತೆರೆಯೋಣ. ನುಡಿಸುವಾಗ ಕೋಣೆಯಲ್ಲಿ ಗಂಡಸರು ಬೇಡ.

ಅವರಿಗೆ ಅದು ಸರಿಬೀಳಲಿಲ್ಲ. ಗ್ರಂಥಾಲಯ ಇರುವುದೇ ಬಾಗಿಲು ತೆರೆಯುವುದಕ್ಕೆ, ಮುಚ್ಚುವುದಕ್ಕಲ್ಲ ಎಂದರು. ಆ ಮಾತನ್ನು ನಾನೂ ನಂಬಿಕೊಂಡು ಬಂದವನೇ. ಅದೂ ಅಲ್ಲದೆ ಅಲ್ಲಿ ನಾನು ಹೊರಗಿನವನು, ಒಂದು ವರ್ಷದ ಕೆಲಸಗಾರ. ಆದರೂ ಸುಮ್ಮನಿರಲಾಗದೆ ನಾನಿಯ ಹಾಡಿನ ವಿಷಯ ಅವರಿಗೂ ಹೇಳಿದೆ. "ಮೇಡಂ, ನಮ್ಮ ಮಕ್ಕಳನ್ನ ಯಾರೂ ಎತ್ಕೊಂಡು ಹೋಗಲಿಲ್ಲ. ಅದಕ್ಕೇ ನಮಗೆ ಯಂತ್ರ ಬೇಕಾಗಲಿಲ್ಲ. ಇವರದ್ದು ಹಾಗಲ್ಲ" ಎಂದೆ. ಗೌರಿಬಿದನೂರಿನ ಸ್ಕೂಲಿನಲ್ಲಿ ಮೇಷ್ಟ್ರು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಹುಡುಗರು ತೆಲುಗಿನಲ್ಲಿ ಉತ್ತರ ಹೇಳುತ್ತಿದ್ದರು, ಮೇಷ್ಟ್ರು ನಕ್ಕು ತಾವೂ ತೆಲುಗಿನಲ್ಲೇ ಬಿಡಿಸಿ ಹೇಳುತ್ತಿದ್ದರು. ಅದು ಭಾಗ್ಯ ಎಂದು ನನಗೆ ಗೊತ್ತಾದದ್ದು ಅಷ್ಟು ದೂರ ಹೋದ ಮೇಲೆ.

ಮಿಸ್ ಕಾರ್ವರ್ ಕೆಲವು ದಿನ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಆಮೇಲೆ ಮೇಲಿನವರನ್ನು ಕಂಡು ಒಪ್ಪಿಗೆ ತಂದರು. ಅವರನ್ನು ಹೇಗೆ ಒಪ್ಪಿಸಿದರೋ ನನಗೆ ಹೇಳಲಿಲ್ಲ. ಆಗ್ನೆಸ್ ಕೂಡ ಒಪ್ಪಿದರು.

ಇನ್ನೊಂದು ತೊಡಕಿತ್ತು. ಯಂತ್ರ ನಡೆಸಲು ಬರುತ್ತಿದ್ದ ಮೆಕ್ಯಾನಿಕ್ ಗಂಡಸು. ಮಿಸ್ ಕಾರ್ವರ್‌ಗೆ ಕೈ ನಡುಗುತ್ತಿತ್ತು. ಹಾಗಾಗಿ ಕಲಿಯುವ ಪಾಳಿ ರೂತ್‌ಳದಾಯಿತು. ಶನಿವಾರಗಳಂದು ಅವಳು ಬರುತ್ತಿದ್ದಳು. ಮೆಕ್ಯಾನಿಕ್ ನಮ್ಮಿಬ್ಬರಿಗೂ ತೋರಿಸಿಕೊಟ್ಟ. ಆಮೇಲೆ ನಾನು ಅವಳ ಜೊತೆ ಕೂತು ಮಾಡಿಸುತ್ತಿದ್ದೆ. ಹಳೆ ಸಾಮಾನಿನ ಅಂಗಡಿಯಿಂದ ತಂದ, ಬ್ಯಾಂಡ್ ಸಂಗೀತ ಹಿಡಿದಿದ್ದ ಹಳೆಯ ಮೇಣದ ಕೊಳವೆಯೊಂದರ ಮೇಲೆ ಅಭ್ಯಾಸ. ಸೂಜಿಯನ್ನು ಇಳಿಸುವುದೇ ಕಷ್ಟ. ಮಲಗಿದ ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಇಳಿಸಬೇಕು ಎಂದು ನಾನು ಹೇಳಿದೆ. ಅವಳಿಗೆ ಅರ್ಥವಾಯಿತು. ಟೈಪು ಮಾಡಿ ಪಳಗಿದ ಬೆರಳು, ಬೇಗ ಕಲಿತಳು. ಬಂದ ಪ್ರತಿ ಸಲವೂ ಆಗ್ನೆಸ್ ಹತ್ತಿರ ಕಲಿತ ಒಂದೆರಡು ಹೊಸ ಮಾತನ್ನು ನನಗೆ ಹೇಳಿ ತೋರಿಸುತ್ತಿದ್ದಳು. ಅವಳ ಮಾತುಗಳು ಗಂಟಲಿನ ಆಳದಿಂದ ಬರುತ್ತಿದ್ದವು. ನನ್ನ ಮೂರು ಭಾಷೆಯ ನಾಲಿಗೆಗೂ ಅವು ಒಗ್ಗಲಿಲ್ಲ.

ಗೊತ್ತು ಮಾಡಿದ ದಿನ ಮೂವರು ಹೆಂಗಸರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು, ಮೆಕ್ಯಾನಿಕ್ ಇಬ್ಬರೂ ಕಾರಿಡಾರಿನ ಕೊನೆಯ ಬೆಂಚಿನ ಮೇಲೆ ಕೂತೆವು. ಬಾಗಿಲು ದಪ್ಪನೆಯದು. ಏನೂ ಕೇಳಿಸಲಿಲ್ಲ. ಆತ ಒಂದರ ಹಿಂದೊಂದು ಸಿಗರೇಟು ಕೈಗೆ ತೆಗೆದುಕೊಂಡು, ಹಚ್ಚದೆ ಒಳಗೆ ಹಾಕಿಕೊಳ್ಳುತ್ತಿದ್ದ. ನಾನು ನಾನಿಯ ಮನೆಯ ಗೋಡೆಯನ್ನು ನೆನೆಯುತ್ತ ಕೂತಿದ್ದೆ.

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಮೊದಲು ಬಂದವರು ಮಿಸ್ ಕಾರ್ವರ್. ಅವರ ಕೈಯಲ್ಲಿ ಬಿಳಿ ಬಟ್ಟೆ, ಬಟ್ಟೆಯೊಳಗೆ ಕೊಳವೆಯ ಚೂರುಗಳು. ಹಾಡು ಮುಗಿಯುವವರೆಗೂ ತಡೆದುಕೊಂಡಿತ್ತಂತೆ. ಕೊನೆಯ ಸಾಲು ದಾಟಿ, ರೂತ್ ಸೂಜಿ ಎತ್ತುವ ಹೊತ್ತಿಗೆ ಬಿರುಕು ಬಿಟ್ಟು ಬೇರೆಯಾಯಿತು. ಮಿಸ್ ಕಾರ್ವರ್ ಮುಖದ ಮೇಲೆ ಕಣ್ಣೀರು ಇಳಿದಿತ್ತು, ಒರೆಸಿಕೊಂಡಿರಲಿಲ್ಲ.

ಆಗ್ನೆಸ್ ರೂತ್‌ಳ ತೋಳು ಹಿಡಿದು ಬಂದರು. ನನ್ನೆದುರು ನಿಂತರು. "ಅಮ್ಮ ಹಾಡು ಶುರು ಮಾಡೋಕೆ ಮುಂಚೆ ನಮ್ಮ ಮೂವರು ಅಕ್ಕತಂಗಿಯರ ಹೆಸರೂ ಹೇಳಿದಳು" ಎಂದರು. ಅಷ್ಟು ಹೇಳಿ ಮುಂದಕ್ಕೆ ನಡೆದರು.

ನದಿ

ಆಮೇಲಿನ ಶನಿವಾರಗಳಲ್ಲಿ ಆಗ್ನೆಸ್, ರೂತ್ ಬಂದು ಬಾಗಿಲು ಹಾಕಿಕೊಂಡು ಆ ಟೇಪನ್ನು ಕೇಳಿ ಹೋಗುತ್ತಿದ್ದರು. ವಸಂತದಲ್ಲಿ ಆಗ್ನೆಸ್‌ರ ಅಕ್ಕನ ವರ್ಷ ತುಂಬಿದ ದಿನಕ್ಕೆ ನಮಗೂ ಹೇಳಿ ಕಳಿಸಿದರು. ಮಿಸ್ ಕಾರ್ವರ್ ತಾವೇ ಕಾರು ಓಡಿಸಿಕೊಂಡು ಹೋದರು. ಬೆಟ್ಟಸಾಲು ದಾಟಿದ ಮೇಲೆ ಮಳೆ ನಿಂತುಹೋಗಿ ಒಣ ನೆಲ ಬಂತು. ಕಲ್ಲುಗುಡ್ಡ, ಕುರುಚಲು ಗಿಡ, ದೂರದವರೆಗೆ ಬಯಲು. ನಮ್ಮ ಸೀಮೆಯೇ ಎದುರಿಗೆ ಬಂದ ಹಾಗಾಗಿ, ಅಷ್ಟು ತಿಂಗಳಲ್ಲಿ ಮೊದಲ ಸಲ ಉಸಿರು ಸಲೀಸಾಯಿತು.

ಅವರ ಹಳೆಯ ಊರು ಈಗಿಲ್ಲ. ನದಿಗೆ ಅಣೆಕಟ್ಟು ಕಟ್ಟಿದಾಗ ಮುಳುಗಿತು. ಮೀನು ಹಿಡಿಯುತ್ತಿದ್ದ ಬಂಡೆಗಳು, ತಾಯಿಯ ಮನೆ, ಎಲ್ಲ ನೀರಿನ ಕೆಳಗೆ. ಮೇಲಿನಿಂದ ನೋಡುವವರಿಗೆ ಅಗಲವಾದ, ಅಲುಗಾಡದ, ಚೆಂದದ ನೀರು.

ದಂಡೆಯಲ್ಲಿ ಜನ ಸೇರಿದ್ದರು. ಮಿಸ್ ಕಾರ್ವರ್ ಆಗ್ನೆಸ್‌ರ ಹತ್ತಿರ ಹೋಗಿ ಬಿಳಿ ಬಟ್ಟೆಯ ಗಂಟನ್ನು ಕೊಟ್ಟರು. ಕಪಾಟಿನ ವಸ್ತು ಅದು, ಒಡೆದು ಚೂರಾಗಿದ್ದರೂ ಗ್ರಂಥಾಲಯದಿಂದ ಹೊರಗೆ ಹೋಗಬಾರದು. ದಾರಿಯಲ್ಲಿ ನಾನು ಆ ನಿಯಮದ ಮಾತೆತ್ತಿದ್ದೆ. "ಯಾರಾದ್ರೂ ಕೇಳಿದ್ರೆ ಉತ್ತರ ನಾನು ಕೊಡ್ತೀನಿ" ಎಂದಿದ್ದರು. ಆಗ್ನೆಸ್ ಗಂಟನ್ನು ಬಿಚ್ಚಿ ನೋಡಲಿಲ್ಲ. ಎದೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ದೋಣಿ ಹತ್ತಿ, ತಮ್ಮ ಮನೆಯಿದ್ದ ಜಾಗಕ್ಕೆ ಹೋಗಿ ನೀರಿಗೆ ಬಿಟ್ಟು ಬಂದರು. ದಂಡೆಯಿಂದ ಏನೂ ಕಾಣಿಸಲಿಲ್ಲ, ಅವರು ಬಾಗಿದ್ದು ಮಾತ್ರ ಕಂಡಿತು.

ಮುದುಕನೊಬ್ಬ ನನ್ನ ಹೆಗಲು ಮುಟ್ಟಿದ. ಹೆಂಗಸರು ಹಾಡುವ ಹೊತ್ತಾಗಿತ್ತು, ಗಂಡಸರೆಲ್ಲ ದಿಣ್ಣೆ ಹತ್ತಲು ಶುರು ಮಾಡಿದ್ದರು. ನಾನೂ ಅವರ ಜೊತೆ ಹತ್ತಿದೆ. ಯಾರೂ ಹಿಂದಿರುಗಿ ನೋಡಲಿಲ್ಲ. ದಿಣ್ಣೆಯ ಆಚೆ ಬದಿಯಲ್ಲಿ ಬೆಂಕಿ ಹಾಕಿ ಮೀನು ಸುಡುತ್ತಿದ್ದರು. ಅಲ್ಲಿ ಕೂತು, ಗಾಳಿ ನದಿಯ ಕಡೆಯಿಂದ ಬೀಸದಿರಲಿ ಎಂದು ನಾನು ಮನಸ್ಸಿನಲ್ಲೇ ಕೇಳಿಕೊಂಡೆ. ಬೀಸಲಿಲ್ಲ. ಆ ಮುದುಕ ಬಾಳೆಲೆಯಗಲದ ತಟ್ಟೆಯಲ್ಲಿ ನನಗೆ ಮೀನು ಹಾಕಿಕೊಟ್ಟ, ಮುಳ್ಳು ತಾನೇ ತೆಗೆದು.

ಸಂಜೆ ಮಿಸ್ ಕಾರ್ವರ್ ಕಾರಿನಲ್ಲಿ ವಾಪಸು ಹೊರಟೆವು. ಹಾಡಿನ ವಿಷಯ ನಾನು ಕೇಳಲಿಲ್ಲ. ಬೆಟ್ಟಸಾಲು ಹತ್ತುವಾಗ ಅವರಾಗಿಯೇ, ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಹಾಡಿನ ನಡುವೆ ಆಗ್ನೆಸ್‌ಗೆ ದನಿ ನಿಂತುಹೋಯ್ತು. ಆ ಹುಡುಗಿ ಮುಂದುವರಿಸಿದಳು. ಕೊನೇವರೆಗೂ ಹಾಡಿದಳು."